ಸುಬ್ಬಿಯ ಆಮದು ವ್ಯವಹಾರ

ನಮ್ಮ ಮನೆಯಲ್ಲಿ ಇಲಿಗಳಿಲ್ಲ. ಆಗಾಗ ಓಡಾಡುವವೆಲ್ಲ ನಮ್ಮ ಬೆಕ್ಕು ಹೊರಗಿನಿಂದ ಹಿಡಿದು ತಂದು ಒಳಗೆ ಬಿಟ್ಟವು.

ಇದನ್ನು ಹೇಳಿದರೆ ನೆಂಟರು ನಂಬುವುದಿಲ್ಲ. ಬೆಕ್ಕು ಸಾಕುವುದೇ ಇಲಿ ಕಡಿಮೆಯಾಗಲಿ ಅಂತ ಅಲ್ವಾ? ತೀರ್ಥಹಳ್ಳಿ ಕಡೆಯ ನಮ್ಮಂಥ ತೋಟದ ಮನೆಗಳಲ್ಲಿ ಬೆಕ್ಕಿಲ್ಲದೆ ನಡೆಯುವುದೂ ಇಲ್ಲ. ಅಟ್ಟದ ಮೇಲೆ ತೆಂಗಿನಕಾಯಿ, ಒಳಗೆ ಅಕ್ಕಿ ಚೀಲ, ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ. ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತ ಕೂಡಲೇ ಇಲಿಗಳು ಒಣ ಜಾಗ ಹುಡುಕಿಕೊಂಡು ಮನೆ ಕಡೆ ಹೊರಡುತ್ತವೆ. ಜೊತೆಗೆ ಇಲಿ ಜ್ವರದ ಹೆದರಿಕೆ ಬೇರೆ. ಇಲಿ ಉಚ್ಚೆ ಸೇರಿದ ನೀರಿನಲ್ಲಿ ಗಾಯದ ಕಾಲಿಟ್ಟರೆ ಜ್ವರ ಅಂಟಿಕೊಳ್ಳಬಹುದು. ಹಾಗಾಗಿ ನಮ್ಮ ಅತ್ತೆಯ ಲೆಕ್ಕದಲ್ಲಿ ಬೆಕ್ಕು ಮುದ್ದಿನ ಪ್ರಾಣಿ ಅಲ್ಲ, ಸಂಬಳದ ಆಳು. ಸಂಬಳ ಹೊತ್ತಿಗೊಂದು ತಟ್ಟೆ ಹಾಲು-ಅನ್ನ.

ಆಳುಗಳು ಇಬ್ಬರು. ಒಬ್ಬ ಸಾಹುಕಾರ. ಕೆಂಚು ಬಣ್ಣದ ಗಂಡು. ಬಚ್ಚಲೊಲೆಯ ಬೆಚ್ಚಗಿನ ಬೂದಿಯಲ್ಲಿ ಮಲಗುವುದು, ಎದ್ದು ಬಂದು ಉಣ್ಣುವುದು, ಬೂದಿ ಕಾಲಲ್ಲಿ ಹಾಸಿಗೆ ಹತ್ತುವುದು ಅವನ ದಿನಚರಿ. ಇವತ್ತಿನವರೆಗೆ ಅವನು ಹಿಡಿದಿದ್ದು ಒಂದು ಜಿರಳೆ. ಅದೂ ಸತ್ತದ್ದೇ ಇರಬೇಕು ಅಂತ ನನಗೆ ಅನುಮಾನ. ಇನ್ನೊಬ್ಬಳು ಸುಬ್ಬಿ. ಕಪ್ಪು, ಬಿಳಿ, ಕೆಂಚು ಮೂರೂ ಬಣ್ಣದ ಸಣಕಲು ಹೆಣ್ಣು. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಆಗಿರುತ್ತದಂತೆ. ಎರಡು ಆಳಿನ ಕೆಲಸವನ್ನು ಇವಳೊಬ್ಬಳೇ ಮಾಡುತ್ತಾಳೆ. ಕಷ್ಟ ಶುರುವಾಗುವುದೇ ಅಲ್ಲಿ.

ಸುಬ್ಬಿ ಹಿಡಿದ ಇಲಿಯನ್ನು ಕೂಡಲೇ ಕೊಲ್ಲುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡು ನೇರ ನಡುಮನೆಗೆ ತಂದು, ಒಂದು ಸಲ ಗಂಟಲಲ್ಲೇ ವಿಚಿತ್ರವಾಗಿ ಕೂಗಿ, ನಾವೆಲ್ಲ ನೋಡಿದೆವು ಅಂತ ಖಾತ್ರಿಯಾದ ಮೇಲೆ ಕೆಳಗೆ ಬಿಡುತ್ತಾಳೆ. ತಾಯಿ ಬೆಕ್ಕು ಮರಿಗಳಿಗೆ ಬೇಟೆ ಕಲಿಸಲು ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ ಇಲಿ ತಂದು ಕೊಡುವುದುಂಟು. ಸುಬ್ಬಿಗೆ ಈಗ ಮರಿಗಳಿಲ್ಲ, ಆಪರೇಷನ್ ಆಗಿದೆ. ಆದ್ದರಿಂದ ಪಾಠ ನಮಗೆ. ಹಾಗೇನಿಲ್ಲ, ತಾನು ನೆಮ್ಮದಿಯಾಗಿರುವ ಜಾಗಕ್ಕೆ ಬೇಟೆ ತರುವುದು ಬೆಕ್ಕಿನ ಅಭ್ಯಾಸ ಅಷ್ಟೇ ಅನ್ನುವವರೂ ಇದ್ದಾರೆ. ಆದರೆ ಇಲಿ ಕಂಡೊಡನೆ ನಾನು ಕುರ್ಚಿ ಹತ್ತಿದಾಗ ಸುಬ್ಬಿ ನನ್ನನ್ನು ನೋಡುವ ನೋಟ ಅವರು ನೋಡಿಲ್ಲ. ಅದು ಮೂರನೇ ಸಲ ಫೇಲಾದ ಹುಡುಗನನ್ನು ಮೇಷ್ಟ್ರು ನೋಡುವ ನೋಟ.

ಪಾಠದ ನಡುವೆ ಇಲಿ ಸುಮ್ನೆ ಕೂರುತ್ತದೆಯೇ? ಫ್ರಿಜ್ಜಿನ ಹಿಂದೆ, ಹೊಲಿಗೆ ಮಿಷನ್ನಿನ ಒಳಗೆ, ಒಮ್ಮೆ ನಮ್ಮನೆಯವರ ಗಮ್‌ಬೂಟಿನಲ್ಲಿ. ಮಳೆಗಾಲದಲ್ಲಿ ಇಂಬಳದ ಕಾಟಕ್ಕೆ ಇವರು ತೋಟಕ್ಕೆ ಗಮ್‌ಬೂಟು ಹಾಕಿಕೊಂಡೇ ಹೋಗುವುದು. ಅವತ್ತು ಹಾಕಿಕೊಂಡು ಅಂಗಳ ದಾಟಿ ಸಂಕದ ಹತ್ತಿರ ಹೋದವರು ಇದ್ದಕ್ಕಿದ್ದಂತೆ ಒಂಟಿ ಕಾಲಲ್ಲಿ ಕುಣಿಯಲು ಶುರು ಮಾಡಿದರು. "ಹಾವು, ಹಾವು" ಅಂತ ಕೂಗಿದ್ದು ಪಕ್ಕದ ಮನೆಗೂ ಕೇಳಿ ಅಲ್ಲಿಂದ ಇಬ್ಬರು ದೊಣ್ಣೆ ಹಿಡಿದು ಓಡಿ ಬಂದರು. ಬೂಟು ಕಳಚಿ ಬೋರಲು ಹಾಕಿದಾಗ ಹೆಬ್ಬೆರಳಷ್ಟು ಪುಟ್ಟ ಇಲಿ ಬಿದ್ದು, ಎಲ್ಲರ ಕಾಲ ಸಂದಿಯಲ್ಲಿ ನುಸುಳಿ, ಮತ್ತೆ ನಮ್ಮ ಮನೆ ಕಡೆಗೇ ಓಡಿತು. ಬಂದವರು ಕಾಫಿ ಕುಡಿದು ಹೋದರು. ಅವರ ಮನೆಯಲ್ಲಿ ಇವರಿಗೆ ಅಂದಿನಿಂದ ಏನೋ ಅಡ್ಡಹೆಸರು ಬಿದ್ದಿದೆ. ನಮ್ಮೆದುರು ಹೇಳುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಫಜೀತಿ ಆಗಿದ್ದು ಚೌತಿಗೆ. ಜಗಲಿಯಲ್ಲಿ ಮಂಟಪ ಕಟ್ಟಿ ಗಣಪತಿ ಇಟ್ಟಿದ್ದೆವು. ಪುರೋಹಿತರು ಇನ್ನೂ ಪ್ರಾಣಪ್ರತಿಷ್ಠೆಯ ಮಂತ್ರ ಹೇಳುತ್ತಿದ್ದರು. ಸುಬ್ಬಿ ಬಂದಳು. ಬಾಯಲ್ಲಿ ಬಾಲ ನೇತಾಡುತ್ತಿತ್ತು. ಮನೆ ತುಂಬ ಜನ ಇದ್ದರಲ್ಲ, ಇಷ್ಟೊಂದು ಶಿಷ್ಯರು ಒಟ್ಟಿಗೆ ಯಾವತ್ತು ಸಿಗಬೇಕು ಅವಳಿಗೆ! ಸರಿಯಾಗಿ ಮಂಟಪದ ಎದುರೇ ಬಿಟ್ಟಳು. ಇಲಿ ಒಂದು ಗಳಿಗೆ ಸುತ್ತ ನೋಡಿತು. ಪಂಚಕಜ್ಜಾಯದ ತಟ್ಟೆ ದಾಟಿ, ಬಾಳೆಕಂಬ ಬಳಸಿ, ಗಣಪತಿಯ ಬೆನ್ನ ಹಿಂದೆ ಹೋಗಿ ಕೂತುಬಿಟ್ಟಿತು.

ನಮ್ಮನೆಯವರು ಪೊರಕೆ ತರಲು ಎದ್ದರು. ಅತ್ತೆ ಕೈ ಅಡ್ಡ ಹಿಡಿದರು.

"ಮುಟ್ಟಬೇಡ. ಇವತ್ತು ಅದು ಇಲಿ ಅಲ್ಲ."

"ಮತ್ತೇನಮ್ಮ?"

"ವಾಹನ."

ಪುರೋಹಿತರ ಮುಖ ನೋಡಿದೆವು. ಅವರು ಮಂತ್ರ ನಿಲ್ಲಿಸದೆಯೇ ತಲೆ ಆಡಿಸಿದರು. ಹೌದು ಅಂದರೋ, ಮುಂದಿನ ಮನೆಗೆ ಹೊತ್ತಾಯಿತು ಅಂದರೋ ಗೊತ್ತಾಗಲಿಲ್ಲ. ತೀರ್ಪು ಮಾತ್ರ ಆಗಿಹೋಯಿತು. ಎಂದೂ ಸಂಬಳ ತಪ್ಪಿಸದ ಅತ್ತೆ ಅಂದು ಸುಬ್ಬಿಯನ್ನು ಬಚ್ಚಲು ಮನೆಗೆ ದೂಡಿ ಚಿಲಕ ಹಾಕಿದರು. ಅವಳ ಕೂಗು ಮಂಗಳಾರತಿಯ ಜಾಗಟೆಗೂ ಮೀರಿ ಕೇಳುತ್ತಿತ್ತು. ವಿಸರ್ಜನೆಯವರೆಗೂ ಇಲಿಗೆ ಅಭಯ. ರಾತ್ರಿ ಹೊತ್ತು ಕಡುಬು ಕಡಿಯುವ ಸದ್ದು, ಬೆಳಿಗ್ಗೆ ನೋಡಿದರೆ ಚಕ್ಕುಲಿ ಅರ್ಧ. ಅತ್ತೆ ಅದನ್ನು ಬಂದವರಿಗೆಲ್ಲ ತೋರಿಸಿ, "ನಮ್ಮ ಗಣಪತಿ ಈ ಸಲ ನೈವೇದ್ಯ ತಿಂದಿದ್ದಾನೆ" ಅನ್ನುತ್ತಿದ್ದರು. ಗಣಪತಿಯನ್ನು ಕೆರೆಗೆ ಒಯ್ದ ಸಂಜೆ ಮಂಟಪ ಬಿಚ್ಚುವಾಗ ಇಲಿ ಹೊರಬಂತು. ಆಗಲೇ ಅತ್ತೆ ಬಚ್ಚಲು ಮನೆಯ ಚಿಲಕ ತೆಗೆದಿದ್ದರು. ಸುಬ್ಬಿ ಜಗಲಿಗೆ ಬರುವಷ್ಟರಲ್ಲಿ ನಾವೆಲ್ಲ ಏಕೋ ಅಡುಗೆಮನೆಗೆ ಹೊರಟೆವು.

ಇಲಿಯ ವಿಷಯದಲ್ಲಿ ನಮ್ಮ ಮನಸ್ಸು ಇಷ್ಟು ಗಟ್ಟಿ. ಹಕ್ಕಿ ಅಂದರೆ ಮಾತ್ರ ಕರಗಿ ನೀರು. ಸುಬ್ಬಿಗೆ ಈ ಭೇದ ಎಲ್ಲಿಂದ ತಿಳಿಯಬೇಕು? ನಿನ್ನೆ ಇಲಿ ತಂದಾಗ "ಜಾಣೆ" ಅಂತ ತಲೆ ಸವರಿದ ಕೈಯೇ ಇವತ್ತು ಸೂರಕ್ಕಿ ತಂದರೆ ಚಪ್ಪಲಿ ಎತ್ತುತ್ತದೆ. ಎರಡೂ ಅಂಗೈಯಗಲದ ಬಿಸಿ ಜೀವಗಳೇ. ಒಂದಕ್ಕೆ ರೆಕ್ಕೆ ಇದೆ, ಹಾಡು ಇದೆ. ನಮ್ಮ ಕಾನೂನು ನಿಂತಿರುವುದು ಅಷ್ಟರ ಮೇಲೆ. ಇನ್ನು ಸೊಂಡಿಲಿ ಯಾವ ಪಟ್ಟಿಗೂ ಸೇರದ ಪಾಪದ ಪ್ರಾಣಿ. ಅದು ನಿಜಕ್ಕೂ ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳ ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಕೆಟ್ಟ ವಾಸನೆ ಅಂತ ಸುಬ್ಬಿ ಅದನ್ನು ತಿನ್ನುವುದೂ ಇಲ್ಲ. ಕೊಂದು ಕಾಲೊರೆಸಿನ ಮೇಲೆ ಇಟ್ಟು ಹೋಗುತ್ತಾಳೆ. ಬೆಳಿಗ್ಗೆ ಬರಿಗಾಲಲ್ಲಿ ಬಾಗಿಲು ತೆಗೆಯುವವಳು ನಾನು.

ಮಗಳು ಎಳ್ಳಮಾವಾಸ್ಯೆ ಜಾತ್ರೆಯಿಂದ ಎರಡು ಗೆಜ್ಜೆ ತಂದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಊರೆಲ್ಲ ಕೇಳುತ್ತದೆ. ನಮ್ಮ ಮನೆಯಲ್ಲಿ ಕಟ್ಟಿಯೇ ಬಿಟ್ಟರು. ನಮ್ಮನೆಯವರ ಕೈ ಮೇಲೆ ನಾಲ್ಕು ಗೀರು, ಅಷ್ಟೇ. ಸಾಹುಕಾರ ಮೈ ಕೆರೆದುಕೊಂಡಾಗಲೆಲ್ಲ ಗೆಜ್ಜೆ ಝಲ್ ಅನ್ನುತ್ತಿತ್ತು. ಅತ್ತೆ ಪ್ರತಿ ಸಲವೂ ಕರು ಹಗ್ಗ ಬಿಚ್ಚಿಕೊಂಡಿತು ಅಂತ ಕೊಟ್ಟಿಗೆಗೆ ಓಡುತ್ತಿದ್ದರು. ಸುಬ್ಬಿ? ಒಂದು ವಾರ ಗೆಜ್ಜೆ ಕುಣಿಸಿಕೊಂಡು ಓಡಾಡಿದಳು. ಆಮೇಲೆ ಗೆಜ್ಜೆ ಸದ್ದು ಮಾಡದ ಹಾಗೆ ನಡೆಯುವುದನ್ನು ಕಲಿತಳು. ಮನೆಯೊಳಗೆ ಹಾಲಿನ ಹೊತ್ತಿಗೆ ಘಲ್ ಘಲ್, ದಾಸವಾಳದ ಬೇಲಿ ಬುಡದಲ್ಲಿ ನಿಶ್ಶಬ್ದ.

ಸುಬ್ಬಿಯ ಬರವನ್ನು ಸಾರುವುದರಲ್ಲಿ ಗೆಜ್ಜೆಗಿಂತ ಹರಟೆಮಲ್ಲ ಹಕ್ಕಿಗಳೇ ವಾಸಿ. ಅವಳು ಅಂಗಳಕ್ಕೆ ಇಳಿದ ಕೂಡಲೇ ಗುಂಪಿನಲ್ಲಿ ಒಂದು ನೋಡಿ ಬೊಬ್ಬೆ ಹಾಕುತ್ತದೆ, ಉಳಿದವೂ ದನಿ ಸೇರಿಸುತ್ತವೆ. ಪಿಕಳಾರ, ಮಡಿವಾಳ, ಅಳಿಲು ಎಲ್ಲವೂ ಸೇರಿ ಗದ್ದಲ. ಕಾಜಾಣ ಮೇಲಿಂದ ಎರಗಿ ತಲೆಗೆ ಕುಕ್ಕಿ ಹೋಗುತ್ತದೆ. ಇಷ್ಟಾದರೂ ಸುಬ್ಬಿ ಏನೂ ಆಗಿಲ್ಲ ಎಂಬಂತೆ ಕೂತು ಕಾಲು ನೆಕ್ಕುತ್ತಾಳೆ.

ಫೆಬ್ರವರಿಯಲ್ಲಿ ಒಂದು ಜೋಡಿ ಪಿಕಳಾರ ಬಂದು ಜಗಲಿಯ ತೂಗುಕುಂಡದಲ್ಲೇ ಗೂಡು ಕಟ್ಟಿತು. ಇಷ್ಟು ಕಾಡು, ಇಷ್ಟು ತೋಟ ಬಿಟ್ಟು ಎರಡು ಬೆಕ್ಕಿರುವ ಮನೆಯ ಜಗಲಿಯೇ ಬೇಕಿತ್ತೇ? ತಲೆಯ ಮೇಲೆ ಜುಟ್ಟು ಇದೆಯೇ ಹೊರತು ಒಳಗೆ ಏನಿಲ್ಲ ಅಂತ ಬೈದೆ. ಮೂರು ಮೊಟ್ಟೆ ಇಟ್ಟಿತು. ಮೊಟ್ಟೆ ಒಡೆಯಲು ಹನ್ನೆರಡು ದಿನದಷ್ಟು, ಮರಿ ಗೂಡು ಬಿಡಲು ಮತ್ತೆ ಅಷ್ಟೇ. ಅಷ್ಟೂ ದಿನ ಮನೆಯಲ್ಲಿ ಕರ್ಫ್ಯೂ. ಸುಬ್ಬಿ ಒಳಗೆ, ಬಾಗಿಲು ಹಾಕಿ. ಜಗಲಿಗೆ ಹೋಗುವವರು ಬಾಗಿಲನ್ನು ಒಂದು ಅಡಿ ಮಾತ್ರ ತೆಗೆದು ಅಡ್ಡಡ್ಡ ನುಸುಳಬೇಕು. ಇದು ನನಗೆ ಕಷ್ಟ, ನಮ್ಮನೆಯವರಿಗೆ ಅಸಾಧ್ಯ.

ಈ ದಿನಗಳಲ್ಲೇ ಮಗಳು ಮೊಬೈಲಿನಲ್ಲಿ ಓದಿ ಅಜ್ಜಿಗೆ ಪಾಠ ಹೇಳಲು ಹಿಡಿದಳು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ ನೂರು ಕೋಟಿಗೂ ಜಾಸ್ತಿ ಹಕ್ಕಿ ಕೊಲ್ಲುತ್ತವೆ ಅಂತ 2013ರಲ್ಲಿ ಅಂದಾಜು ಮಾಡಿದ್ದಾರಂತೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಶುರುವಾಯಿತು. ಅಲ್ಲಿದ್ದ ಹಾರಲು ಬಾರದ ಪುಟ್ಟ ಹಕ್ಕಿಯ ಜಾತಿ ಕೆಲವೇ ವರ್ಷಗಳಲ್ಲಿ ಪೂರ್ತಿ ಅಳಿಯಿತು. ಕಾವಲುಗಾರನ ಒಂದೇ ಬೆಕ್ಕು ಮುಗಿಸಿತು ಅಂತ ಕಥೆ ಹಬ್ಬಿದೆ. ನಿಜವಾಗಿ ದ್ವೀಪದಲ್ಲಿ ಮರಿ ಹಾಕಿ ಹೆಚ್ಚಿದ ಬೆಕ್ಕುಗಳೆಲ್ಲ ಸೇರಿ ಮಾಡಿದ ಕೆಲಸ ಅದು. ಅತ್ತೆ ಹೂಬತ್ತಿ ಹೊಸೆಯುತ್ತಾ ಎಲ್ಲ ಕೇಳಿ, "ಆ ದೀಪ ಹಚ್ಚುವವನಿಗೆ ಬೆಕ್ಕನ್ನು ಒಳಗೆ ಕೂಡಿ ಹಾಕೋಕೆ ಏನಾಗಿತ್ತು? ನಾವು ಹಾಕಿಲ್ವಾ?" ಅಂದರು.

ಹಾಕಿದ್ದೆವು, ಹೌದು. ಮರಿಗಳಿಗೆ ಗರಿ ಬಂದು, ಇನ್ನೇನು ಹಾರುತ್ತವೆ ಅನ್ನುವ ಹೊತ್ತಿಗೆ ಒಂದು ಬೆಳಿಗ್ಗೆ ಅಂಗಳದಲ್ಲಿ ಕೆಂಬೂತ ಕಂಡಿತು. ತುಕ್ಕು ಬಣ್ಣದ ರೆಕ್ಕೆ, ಕೆಂಪು ಕಣ್ಣು. ರತ್ನಪಕ್ಷಿ ಅಂತಲೂ ಅದನ್ನು ಕರೆಯುತ್ತಾರೆ. ಎದುರಾದರೆ ಒಳ್ಳೆಯದು ಅನ್ನುವ ನಂಬಿಕೆ ಇದೆ. ಅತ್ತೆ ಸೌಟು ಹಿಡಿದೇ ಹೊರಬಂದು ಕೈ ಮುಗಿದರು. ಬೇಡಿಕೊಳ್ಳುವುದು ಬಹಳ ಇತ್ತೇನೋ, ಕಣ್ಣು ಮುಚ್ಚಿದ್ದು ತುಸು ಜಾಸ್ತಿ ಹೊತ್ತೇ ಆಯಿತು. ಕೆಂಬೂತ ಜಗಲಿ ಕಟ್ಟೆಗೆ ಹಾರಿತು, ಅಲ್ಲಿಂದ ತೂಗುಕುಂಡಕ್ಕೆ. ನಾನು ಓಡಿ ಬರುವಷ್ಟರಲ್ಲಿ ಗೂಡು ಖಾಲಿ. ಕಿಟಕಿಯ ಒಳಗೆ ಕೂತ ಸುಬ್ಬಿ ಎಲ್ಲವನ್ನೂ ನೋಡಿದ್ದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅತ್ತೆ ಮಾತ್ರ ಸುಬ್ಬಿಯ ತಟ್ಟೆಗೆ ಒಂದು ಸೌಟು ಹಾಲು ಹೆಚ್ಚಿಗೆ ಹಾಕಿದರು.

ಅಲ್ಲಿಗೆ ಮುಗಿಯಲಿಲ್ಲ. ಮಗಳು ಇನ್ನೊಂದು ಸುದ್ದಿ ತಂದಳು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಮುನ್ನೂರಕ್ಕೂ ಹೆಚ್ಚು ಸಾಕುಬೆಕ್ಕುಗಳನ್ನು ನೋಡಿ 2021ರಲ್ಲಿ ಫಲಿತಾಂಶ ಹೇಳಿದ್ದಾರೆ. ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ದಿನಕ್ಕೆ ಐದು-ಹತ್ತು ನಿಮಿಷ ಜೊತೆಗೆ ಆಟ ಆಡಿದರೆ ಮನೆಗೆ ತರುವ ಬೇಟೆ ಶೇಕಡಾ 25ರಷ್ಟು ಇಳಿಯುತ್ತದೆ. ಮಾಂಸ ಜಾಸ್ತಿ ಇರುವ ಆಹಾರ ಕೊಟ್ಟರೆ ಶೇಕಡಾ 36ರಷ್ಟು.

"ಎಂತ ಕೊಟ್ರೆ?" ಅಂದರು ಅತ್ತೆ.

ಮಗಳು ಮತ್ತೆ ಹೇಳಿದಳು. ಈರುಳ್ಳಿ ಬೆಳ್ಳುಳ್ಳಿಯನ್ನೂ ಯೋಚಿಸಿ ಒಳಗೆ ಬಿಡುವ ಅಡುಗೆಮನೆ ನಮ್ಮದು. ಮೊಸರನ್ನ ತಿಂದ ಬೆಕ್ಕು ಹೊರಗೆ ಹೋಗಿ ಏನು ಹುಡುಕುತ್ತದೆ ಅಂತ ಆಗ ನನಗೆ ಸ್ವಲ್ಪ ಅರ್ಥವಾಯಿತು. ಬೆಕ್ಕಿನ ಮೈಗೆ ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಅನ್ನದಲ್ಲಿ ಅದು ಸಿಗುವುದಿಲ್ಲ. ಎರಡು ದಿನ ಅತ್ತೆ ಯಾರ ಹತ್ತಿರವೂ ಈ ಮಾತು ಎತ್ತಲಿಲ್ಲ. ಮೂರನೇ ದಿನ ಮಗನನ್ನು ಕರೆದು, "ಪೇಟೆಗೆ ಹೋಗ್ತೀಯಲ್ಲ, ಬರುವಾಗ ಅದೇನೋ ಪೊಟ್ಟಣ ಸಿಗ್ತದಂತೆ. ಕೋಳಿ ಚಿತ್ರ ಇದ್ರೆ ಅದನ್ನ ಹರಿದು ತಾ. ಒಳಗೆ ತರಬೇಡ, ಅಡಿಕೆ ಕೋಣೆಯಲ್ಲಿಡು" ಅಂದರು.

ಅಂದಿನಿಂದ ನಮ್ಮನೆಯವರು ಕೊಡೆಯ ಮರೆಯಲ್ಲಿ ಪೊಟ್ಟಣ ಹಿಡಿದು ಹಿತ್ತಲ ಕಡೆಯಿಂದ ಬರುತ್ತಾರೆ. ಸುಬ್ಬಿ ಈಗ ದುಂಡಗಾಗಿದ್ದಾಳೆ. ಹಕ್ಕಿ ತರುವುದು ನಿಜಕ್ಕೂ ಕಡಿಮೆಯಾಗಿದೆ. ಇಲಿ ತರುವುದಂತೂ ಪೂರ್ತಿ ನಿಂತಿದೆ, ಯಾಕೆಂದರೆ ಅವು ತಾವಾಗಿಯೇ ಬರುತ್ತವೆ. ಅಡಿಕೆ ಕೋಣೆಯಲ್ಲಿಟ್ಟ ಪೊಟ್ಟಣದ ವಾಸನೆ ತೋಟದ ಇಲಿಗಳಿಗೆಲ್ಲ ತಲುಪಿದೆ. ಮೊನ್ನೆ ಟಾರ್ಚ್ ಹಿಡಿದು ನೋಡಿದರೆ ಪೊಟ್ಟಣದ ಮೂಲೆ ಕೊರೆದು ಎರಡು ಇಲಿ ಆರಾಮಾಗಿ ತಿನ್ನುತ್ತಿದ್ದವು. ಆಚೆ ಚೀಲದ ಮೇಲೆ ಸುಬ್ಬಿ ಮಲಗಿದ್ದಳು. ಒಂದು ಕಣ್ಣು ತೆಗೆದು ಅವುಗಳನ್ನು ನೋಡಿ, ನನ್ನನ್ನು ನೋಡಿ, ಮಗ್ಗುಲು ಬದಲಿಸಿದಳು.

ಅತ್ತೆ ಅಟ್ಟದ ಮೇಲಿದ್ದ ಹಳೆ ಇಲಿ ಬೋನು ಇಳಿಸಲು ಹೇಳಿದ್ದಾರೆ. ಒಳಗೆ ಏನಿಡುವುದು, ಕೊಬ್ಬರಿ ಸುಟ್ಟು ಕೊಡಲೇ ಅಂತ ಕೇಳಿದೆ.

"ಕೊಬ್ಬರಿ ಯಾಕೆ ದಂಡ ಮಾರಾಯ್ತಿ? ಆ ಪೊಟ್ಟಣದ್ದೇ ನಾಲ್ಕು ಕಾಳು ಇಡು" ಅಂದರು. "ಅವಕ್ಕೂ ಈಗ ಅದೇ ರುಚಿ ಹತ್ತಿದೆ."