ರುಜುವಾತಿಗೆ ಮೊದಲೇ ಸಿಕ್ಕ ಸಂಖ್ಯೆ

ಭೌತಶಾಸ್ತ್ರ ಗಣಿತಕ್ಕೆ ಹೊಸ ಪ್ರಶ್ನೆಗಳನ್ನು ಒದಗಿಸುತ್ತದೆ ಎಂಬ ಮಾತು ನಿಜವೇ. ಶಾಖದ ಹರಿವಿನಿಂದ ಫೂರಿಯೇ ಸರಣಿ ಬಂತು, ಒಂದೇ ಬಿಂದುವಿನಲ್ಲಿ ಪೂರ್ತಿ ತೂಕವಿರುವ ಡಿರಾಕ್ ಡೆಲ್ಟಾಗೆ ಭದ್ರ ಬುನಾದಿ ಹಾಕಲು ಶ್ವಾರ್ಟ್ಜ್ ಅವರ ಡಿಸ್ಟ್ರಿಬ್ಯೂಷನ್ ಸಿದ್ಧಾಂತ ಬೇಕಾಯಿತು. ಆದರೆ ಹೊರನಾಡಿನಲ್ಲಿದ್ದು ಭೌತಶಾಸ್ತ್ರ, ಗಣಿತ ಎರಡೂ ವಿಭಾಗಗಳ ರೀತಿಯನ್ನು ನೋಡುತ್ತಿರುವ ನನಗೆ ಇನ್ನೊಂದು ಲಾಭವೇ ದೊಡ್ಡದು ಅನಿಸುತ್ತದೆ: ಅದೇ ಉತ್ತರಕ್ಕೆ ಪೂರ್ತಿ ಬೇರೆಯಾದ ಎರಡನೇ ದಾರಿ.

ಐದನೇ ಡಿಗ್ರಿಯ ಸಮೀಕರಣದಿಂದ ಬರುವ, ಸಂಕೀರ್ಣ ಆಯಾಮ 3 ಇರುವ ಕ್ವಿಂಟಿಕ್ ಆಕೃತಿಯನ್ನೇ ನೋಡಿ. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅದರ ಮೇಲೆ ಎಷ್ಟು ಸರಳರೇಖೆಗಳಿವೆ? 2875. ಇದು 19ನೇ ಶತಮಾನದಲ್ಲೇ ಗೊತ್ತಿತ್ತು. ಡಿಗ್ರಿ 2ರ ವಕ್ರರೇಖೆಗಳು 609250 ಎಂದು ಗಣಿತಜ್ಞ ಕಾಟ್ಜ್ 1986ರಲ್ಲಿ ತೋರಿಸಿದರು. ಡಿಗ್ರಿ 3ಕ್ಕೆ ಹೋದರೆ ನೇರ ಎಣಿಕೆ ವಿಪರೀತ ಕಷ್ಟ.

1991ರಲ್ಲಿ ಭೌತಶಾಸ್ತ್ರದ ದಾರಿ ಹಿಡಿದ ಕ್ಯಾಂಡೆಲಾಸ್, ಡಿ ಲಾ ಒಸ್ಸಾ, ಗ್ರೀನ್, ಪಾರ್ಕ್ಸ್ ಎಣಿಸಲು ಹೋಗಲೇ ಇಲ್ಲ. ಕಣಗಳನ್ನು ಸಣ್ಣ ತಂತುಗಳೆಂದು ನೋಡುವ ಸ್ಟ್ರಿಂಗ್ ಸಿದ್ಧಾಂತದ ಪ್ರಕಾರ ಕ್ವಿಂಟಿಕ್‌ಗೆ ಒಂದು 'ಕನ್ನಡಿ' ಆಕೃತಿ ಇದೆ. ಇಲ್ಲಿ ಎಣಿಸಬೇಕಾದದ್ದು ಅಲ್ಲಿ ನಾಲ್ಕನೇ ದರ್ಜೆಯ ಅವಕಲ ಸಮೀಕರಣವಾಗುತ್ತದೆ. ಅದರ ಒಂದು ಪರಿಹಾರ ಘಾತಶ್ರೇಣಿ, ಇನ್ನೊಂದರಲ್ಲಿ ಲಾಗ್ ಇರುತ್ತದೆ. ಎರಡರ ಅನುಪಾತದಿಂದ ಹೊಸ ಚರವನ್ನು ಪಡೆದು, ಅದೇ ಸಮೀಕರಣದಿಂದ ಸಿಗುವ ಇನ್ನೊಂದು ರಾಶಿಯನ್ನು (ಯುಕಾವಾ ಕಪ್ಲಿಂಗ್) ಆ ಚರದ ಶ್ರೇಣಿಯಾಗಿ ಬರೆದು, ಸಹಗುಣಕಗಳನ್ನು ಓದಿಕೊಳ್ಳಬೇಕು. ಎಡವುವುದು ಇಲ್ಲೇ. ಎರಡನೇ ಸಹಗುಣಕ 4876875. ಶ್ರೇಣಿಯಲ್ಲಿ ಪ್ರತಿ ವಕ್ರರೇಖೆಗೂ ಅದರ ಡಿಗ್ರಿಯ ಘನದಷ್ಟು ತೂಕವಿರುವುದರಿಂದ, ಅದನ್ನು ನೇರವಾಗಿ 2ರ ಘನವಾದ 8ರಿಂದ ಭಾಗಿಸಿದರೆ 609609.375 ಬರುತ್ತದೆ. ಎಣಿಕೆಯಲ್ಲಿ ದಶಮಾಂಶ ಇರಲು ಹೇಗೆ ಸಾಧ್ಯ? ಒಂದೇ ಸರಳರೇಖೆಯನ್ನು ಎರಡು ಬಾರಿ ಸುತ್ತುವ ನಕ್ಷೆಗಳೂ (ಗೋಳದಿಂದ ಆಕೃತಿಗೆ ಹೋಗುವ ಫಲನಗಳು) ಅದರಲ್ಲಿ ಸೇರಿರುತ್ತವೆ. ಆ 2875ನ್ನು ಕಳೆದು ಭಾಗಿಸಿ: ಸರಿಯಾಗಿ 609250.

ಡಿಗ್ರಿ 3ಕ್ಕೆ ಅವರಿಗೆ ಸಿಕ್ಕಿದ್ದು 317206375. ಗಣಿತಜ್ಞರಾದ ಎಲಿಂಗ್ಸ್‌ರುಡ್ ಮತ್ತು ಸ್ಟ್ರೋಮ್ಮೆ ಅವರ ಕಂಪ್ಯೂಟರ್ ಲೆಕ್ಕ 2682549425 ಅನ್ನುತ್ತಿತ್ತು. ಪ್ರೋಗ್ರಾಮಿನಲ್ಲಿದ್ದ ತಪ್ಪನ್ನು ತಿದ್ದಿದಾಗ ಅದರಿಂದಲೂ 317206375 ಬಂತು. ಎರಡನೇ ದಾರಿ ಇಲ್ಲದಿದ್ದರೆ ಆ ತಪ್ಪನ್ನು ಯಾರು ಹುಡುಕುತ್ತಿದ್ದರು?

ಹಾಗೆಂದು ಭೌತಶಾಸ್ತ್ರಜ್ಞರ ವಾದವೇ ರುಜುವಾತಲ್ಲ. ಅದು ನಿಂತಿರುವ, ಎಲ್ಲ ಸಾಧ್ಯತೆಗಳನ್ನೂ ಒಟ್ಟು ಕೂಡಿಸುವ ಪಾಥ್ ಇಂಟೆಗ್ರಲ್‌ಗೆ ಇಂಥ ಸಿದ್ಧಾಂತಗಳಲ್ಲಿ ಸಾಮಾನ್ಯವಾಗಿ ಕಟ್ಟುನಿಟ್ಟಾದ ವ್ಯಾಖ್ಯೆಯೇ ಇಲ್ಲ. 1996ರಲ್ಲಿ ಗಿವೆಂಟಲ್, 1997ರಲ್ಲಿ ಲಿಯಾನ್, ಲಿಯು, ಯಾವ್ ರುಜುವಾತು ಕೊಟ್ಟದ್ದು ಬೇರೆಯದೇ ಸಲಕರಣೆಗಳಿಂದ. ಜ್ಯಾಮಿತಿ ಕಲಿಸುವವರು ಆ ರುಜುವಾತಿಗೆ ಕೈಹಾಕುವ ಮೊದಲು ಡಿಗ್ರಿ 1ರಿಂದ 3ರವರೆಗಿನ ಮೂರು ಸಹಗುಣಕಗಳನ್ನು ವಿದ್ಯಾರ್ಥಿಗಳ ಕೈಯಲ್ಲೇ ಲೆಕ್ಕ ಮಾಡಿಸಬೇಕು. 609609.375ಕ್ಕೆ ಬಂದು ತಡವರಿಸಿದವರಿಗೆ ಸುತ್ತು ನಕ್ಷೆಗಳನ್ನು ಬೇರ್ಪಡಿಸುವ ಹಂತ ಏಕಿದೆ ಎಂದು ಮತ್ತೆ ವಿವರಿಸಬೇಕಾಗುವುದಿಲ್ಲ.