ಸರದಿ ಯಾರದ್ರೀ ಈಗ?

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ಕಾಳಗದಲ್ಲಿ ಒಂದು ಸುತ್ತು ಅಂದರೆ ಸುಮಾರು 6 ಸೆಕೆಂಡ್. ಅಷ್ಟರೊಳಗೆ ಎಲ್ಲರದ್ದೂ ಒಂದೊಂದು ಸರದಿ ಆಗಬೇಕು, ಶತ್ರುಗಳದ್ದೂ ಸೇರಿ. ಇಂಥ 10 ಸುತ್ತು ಕೂಡಿದರೆ ಒಂದು ನಿಮಿಷ. ಲೆಕ್ಕ ಚೆನ್ನಾಗಿದೆ. ಆದರೆ ಕಲಬುರಗಿಯ ನಮ್ಮ ಮನೆಯಲ್ಲಿ 6 ಸೆಕೆಂಡ್ ಮಧ್ಯಾಹ್ನದ ಊಟ ಆದಮೇಲೆ ಶುರುವಾಗಿ, ಅವ್ವ ಚಹಾಕ್ಕೆ ಇಡುವವರೆಗೂ ಮುಗಿದಿರಲಿಲ್ಲ.

ಆಟ ತಂದವನು ಅಣ್ಣನ ಮಗ. ಬೆಂಗಳೂರಲ್ಲಿ ಓದುತ್ತಾನೆ, ಮೇ ತಿಂಗಳ ರಜೆಗೆ ಬಂದಿದ್ದ. ನಮ್ಮ ಕಡೆ ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಹೋಗುವವರು ಯಾರು? ಕಾಕಾ, ವೈನಿ, ನಾನು ಮೂವರೂ ಕೂಲರ್ ಮುಂದೆ ಕೂತಲ್ಲೇ ಅವನ ಕೈಗೆ ಸಿಕ್ಕೆವು. ಇದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ ಹೊರತಂದ ಆಟ. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಅಂತ ಹೇಳೋದು ದಾಳ. ಅದಕ್ಕೆ 20 ಮುಖ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ಯಾವ ಕಡೀ ನೋಡ್ಬೇಕೋ ಯಪ್ಪಾ?" ಎಂದು ವಾಪಸ್ ಕೊಟ್ಟಳು.

ಕತೆಯ ಜಾಗ ನಮ್ಮ ಕೋಟೆಯೇ. ಡಕಾಯಿತರು ಮದ್ದಿನ ಕೋಣೆ ಸೇರಿಕೊಂಡಿದ್ದಾರೆ, ನಾವು ಅವರನ್ನು ಓಡಿಸಬೇಕು. ಕಾಕಾ ಕತ್ತಿವೀರ, ವೈನಿ ಮಂತ್ರವಾದಿ, ನಾನು ಗಾಯ ವಾಸಿ ಮಾಡುವ ಪೂಜಾರಿ. ಕಾದಾಟ ಶುರುವಾಗುವ ಮುಂಚೆ ಎಲ್ಲರೂ ಒಮ್ಮೆ ದಾಳ ಹಾಕಿ, ಬಂದ ಅಂಕಿಗೆ ತಮ್ಮ ಚುರುಕುತನದ ಅಂಕ ಸೇರಿಸಬೇಕು. ಜಾಸ್ತಿ ಬಂದವರು ಮೊದಲು. ವೈನಿಗೆ 19 ಬಂತು. ಆಮೇಲೆ ಡಕಾಯಿತರು, ಆಮೇಲೆ ನಾನು. ಕಾಕಾಗೆ ಬಂದದ್ದು 4. ಪಾತ್ರ ಮಾಡುವಾಗ ಒಳ್ಳೆಯ ಅಂಕಿಯನ್ನೆಲ್ಲ ಶಕ್ತಿಗೆ ಹಾಕಿ, ಚುರುಕುತನಕ್ಕೆ ಉಳಿದದ್ದು ಬಳಿದಿದ್ದರು. ಅಲ್ಲೂ ಒಂದು ಕಳೆದು ಕಡೆಗೆ 3.

"ಮನ್ಯಾಗ ನಾ ಹಿರಿಯ. ನನ್ನ ಸರದಿ ಕಡೀಗ್ಯಾಕೋ?"

"ಮುತ್ಯಾ, ಡಕಾಯಿತರಿಗೆ ಅದು ಗೊತ್ತಿಲ್ಲ," ಎಂದ ಹುಡುಗ.

ನಿಮ್ಮ ಸರದಿ ಬಂದಾಗ ಏನೇನು ಮಾಡಬಹುದು? ಅವನ ಹತ್ತಿರ ಇದ್ದದ್ದು 2014ರ ಐದನೇ ಆವೃತ್ತಿಯ ನಿಯಮ. ಅದರ ಪ್ರಕಾರ ನಡೆಯಬಹುದು, ಮನುಷ್ಯನಾದರೆ 30 ಅಡಿ. ಕೋಟೆ ಮೇಲಿನ ದೊಡ್ಡ ತೋಪು 29 ಅಡಿ ಅಂತಾರೆ. ಅಂದರೆ ಈ ತುದಿಯಿಂದ ಆ ತುದಿಗೆ ಹೋಗಿ ಇನ್ನೊಂದು ಅಡಿ ಮಿಗುತ್ತದೆ. ಅದರ ಜೊತೆ ಒಂದು ಆಕ್ಷನ್: ಹೊಡೆಯುವುದು, ಮಂತ್ರ ಹಾಕುವುದು, ಇನ್ನಷ್ಟು ಓಡುವುದು, ಇಂಥದ್ದೇನಾದರೂ ಒಂದು. ಕೆಲವರಿಗೆ ಸಣ್ಣದೊಂದು ಬೋನಸ್ ಆಕ್ಷನ್ ಇರುತ್ತದೆ. ಇನ್ನು ಬಾಗಿಲು ತೆಗೆಯುವುದು, ಕತ್ತಿ ಹಿರಿಯುವುದು, ಇಂಥ ಚಿಲ್ಲರೆ ಕೆಲಸ ಒಂದು ಫುಕಟ್. ಒಂದೇ ಒಂದು.

ಕಾಕಾ ಎಡವಟ್ಟಾದದ್ದು ಈ ಫುಕಟ್‌ನಲ್ಲೇ. ಅವರು ಜೀವಮಾನವೆಲ್ಲ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ವೈನಿ ಹಿಂಬಾಗಿಲಿಂದ ಒಳಗೆ ನುಗ್ಗಿದರು. ಡಕಾಯಿತರು ಅವರನ್ನು ಸುತ್ತುವರಿದರು. ನಾನು 30 ಅಡಿ ದೂರದಲ್ಲಿ ನಿಂತು ಎಲ್ಲರಿಗೂ ಒಳ್ಳೆಯದಾಗಲಿ ಎಂದೆ. ಕಾಕಾ ಸರದಿ ಬಂತು. ಒಂದು ಕೈಯಲ್ಲಿ ಡಾಲು, ಇನ್ನೊಂದರಲ್ಲಿ ದೀವಟಿಗೆ, ಕತ್ತಿ ಸೊಂಟದಲ್ಲಿ.

"ಬಾಗಿಲಾ ತಗೀತೀನಿ, ಕತ್ತಿ ಹಿರೀತೀನಿ, ಹೊಡೀತೀನಿ."

"ಬಾಗಿಲು ಫುಕಟ್ ಆಯ್ತು ಮುತ್ಯಾ. ಕತ್ತಿ ಹಿರಿದ್ರ ಆಕ್ಷನ್ ಹೋತು. ಹೊಡ್ಯಾದು ಮುಂದಿನ ಸರದಿಗೆ."

"ಬಾಗಿಲಾ ಕೈಲಿ ಮುಟ್ಟಂಗಿಲ್ಲ. ಸೊಂಟದಿಂದ ನೂಕ್ತೀನಿ."

"ಆದ್ರೂ ಬಾಗಿಲೇ ಅಲ್ವಾ?"

ಇದರ ಮೇಲೆ ದೊಡ್ಡ ಪಂಚಾಯ್ತಿ ನಡೆಯಿತು. ದೀವಟಿಗೆ ನೆಲಕ್ಕೆ ಬಿಟ್ಟರೆ ಅದಕ್ಕೇನೂ ಖರ್ಚಿಲ್ಲ ಅಂತ ಹುಡುಗ ರಿಯಾಯಿತಿ ಕೊಟ್ಟ. ಕಡೆಗೆ ಕಾಕಾ ಬಾಗಿಲು ತೆಗೆದು, ದೀವಟಿಗೆ ಬಿಸಾಕಿ, ಕತ್ತಿ ಹಿರಿದು, ಯಾರನ್ನೂ ಹೊಡೆಯದೆ ಹೊಸ್ತಿಲ ಹೊರಗೆ ನಿಂತರು. ದೀವಟಿಗೆ ಉರುಳಿ ಆರಿತು. ಒಳಗೆ ಕತ್ತಲೆ. ಒಂದು ಸುತ್ತು ಮುಗಿಯಿತು. ಅವ್ವ ಅಡುಗೆಮನೆಯಿಂದ, "ಯಾರರೇ ಸತ್ತ್ರೇನು?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆವು.

ಎರಡನೇ ಸುತ್ತಿನಲ್ಲಿ ವೈನಿಗೆ ಓಡಬೇಕಿತ್ತು. ಆದರೆ ಈ ಆಟದಲ್ಲಿ ಸುಮ್ನೆ ಓಡುವಂತಿಲ್ಲ. ಶತ್ರುವಿನ ಕೈಯಳತೆಯಿಂದ ಹೊರಗೆ ಕಾಲಿಟ್ಟರೆ ಅವನಿಗೆ ಒಂದು ಏಟು ಪುಕ್ಕಟೆ. ಬ್ರಹ್ಮಪುರದಲ್ಲಿ ಬೀಗರ ಮನೆ ಕಟ್ಟೆ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಂತು ಮಾತಾಡಿ, ಏನೂ ಆಗಲ್ಲ. ಹೊರಟೆ ಎಂದು ತಿರುಗಿದ್ದೇ ತಡ, "ಚಾ ಕುಡ್ದು ಹೋಗ್ರಿ" ಅಂತ ಕೈ ಹಿಡಿಯುತ್ತಾರೆ. ಹಾಗೇ ಇದು. ತಪ್ಪಿಸಿಕೊಳ್ಳಬೇಕಾದರೆ ಇಡೀ ಆಕ್ಷನ್ ಖರ್ಚು ಮಾಡಿ ಹುಷಾರಾಗಿ ಹಿಂದೆ ಸರಿಯಬೇಕು. ವೈನಿ ಹಾಗೇ ಮಾಡಿ ಮುಂಬಾಗಿಲ ಕಡೆ ಬಂದರು.

ಈ ಪುಕ್ಕಟೆ ಏಟಿಗೆ ಖರ್ಚಾಗುವುದು ರಿಯಾಕ್ಷನ್. ಬೇರೆಯವರ ಸರದಿಯಲ್ಲಿ ನಡುವೆ ಬಾಯಿ ಹಾಕಲು, ಅಲ್ಲಲ್ಲ, ಕೈ ಹಾಕಲು ಇರುವ ಅವಕಾಶ ಇದೊಂದೇ. ಒಮ್ಮೆ ಬಳಸಿದರೆ ನಿಮ್ಮ ಮುಂದಿನ ಸರದಿ ಶುರುವಾಗುವವರೆಗೆ ಮತ್ತೆ ಸಿಗುವುದಿಲ್ಲ. ಒಂದು ಸುತ್ತಿಗೆ ಒಬ್ಬರು ಒಮ್ಮೆ ಮಾತ್ರ ನಡುವೆ ಬರುತ್ತಾರೆ ಎಂದು ನಂಬಿದವರು ನಮ್ಮ ಕಡೆಯ ಒಂದು ಮನೆಯನ್ನೂ ನೋಡಿರಲಿಕ್ಕಿಲ್ಲ. ವೈನಿ ದಾಳ ಹಾಕುವಷ್ಟರಲ್ಲಿ ಕಾಕಾ ಎರಡು ಸಲ ಸಲಹೆ ಕೊಡುತ್ತಿದ್ದರು. ಆಟದಲ್ಲೇ ಇಲ್ಲದ ಅವ್ವ ಡಕಾಯಿತರ ಪರವಾಗಿಯೂ ಒಂದೆರಡು ಮಾತು ಸೇರಿಸುತ್ತಿದ್ದಳು.

ಸರಿ, ಕಾಕಾ ಸರದಿ. ಒಳಗೆ ಏನೂ ಕಾಣುತ್ತಿಲ್ಲ. ಆಗ ಹುಡುಗ ಹೊಸದೊಂದು ನಿಯಮ ಹೇಳಿಕೊಟ್ಟ. ಹೊಂಚು ಹಾಕಿ ನಿಲ್ಲಬಹುದು. ಇಂಥದ್ದು ನಡೆದರೆ ಇಂಥದ್ದು ಮಾಡುತ್ತೇನೆ ಅಂತ ಮೊದಲೇ ಹೇಳಿಡಬೇಕು. ಅದು ನಡೆದಾಗ ರಿಯಾಕ್ಷನ್ ಖರ್ಚು ಮಾಡಿ ಹೊಡೆಯಬಹುದು. ಬೇಡ ಅನಿಸಿದರೆ ಬಿಡಲೂಬಹುದು.

ಕಾಕಾಗೆ ಇದು ಭಾಳ ಹಿಡಿಸಿತು. "ಈ ಹೊಸ್ತಿಲಾ ಮೊದಲ ಯಾರು ದಾಟ್ತಾರ, ಅವರಿಗಿ ಹೊಡೀತೀನಿ. ಬರ್ಕೋ."

ಮೂರನೇ ಸುತ್ತು. ಮೊದಲ ಸರದಿ ವೈನಿಯದು. ಅವರು ಹೊಸ್ತಿಲು ದಾಟಿ ಹೊರಗೆ ಬಂದರು.

"ಹೊಡೀತೀನಿ," ಎಂದರು ಕಾಕಾ.

"ನಾನ್ರೀ ಮಾವಾ!"

"ಮುತ್ಯಾ, ಬಿಡಬಹುದು. ಹೊಡೀಲೇಬೇಕಂತಿಲ್ಲ."

"ಬರ್ಕೋ ಅಂದೀನಿ, ಬರ್ದೀದಿ. ಬರ್ದದ್ದು ಅಳಸಂಗಿಲ್ಲ." ದಾಳ ಹಾಕಿಯೇಬಿಟ್ಟರು. ಎಲ್ಲ ಸೇರಿ 16. ವೈನಿಯ ರಕ್ಷಣೆ 12, ಅಂದರೆ ಏಟು ಬಿತ್ತು. ವೈನಿ ಪಾಪ ತಮ್ಮ ಹಾಳೆ ತಡಕಾಡಿ ಗುರಾಣಿ ಮಂತ್ರ ಹುಡುಕಿದರು. ಅದೂ ರಿಯಾಕ್ಷನ್ನೇ. ರಕ್ಷಣೆಗೆ 5 ಸೇರಿ 17. ಏಟು ತಪ್ಪಿತು. ಅತ್ತೆಮನೆಯಲ್ಲಿ ಇಷ್ಟು ವರ್ಷ ಬಾಳಿದ್ದು ಸುಮ್ನೆ ಅಲ್ಲ.

ಈಗ ಡಕಾಯಿತರ ಸರದಿ. ಅವರ ನಾಯಕ ಅದೇ ಹೊಸ್ತಿಲು ದಾಟಿ, ಕಾಕಾ ಮತ್ತು ವೈನಿ ನಡುವೆಯೇ ತೂರಿ ಓಡಿದ. ಕಾಕಾ ಕತ್ತಿ ಎತ್ತಿದರು. ರಿಯಾಕ್ಷನ್ ಇಲ್ಲ. ವೈನಿಗೂ ಇಲ್ಲ. ನನಗೆ ಒಂದಿತ್ತು, ಆದರೆ ನಾನು 30 ಅಡಿ ದೂರ. ನಾಯಕನ ಹಿಂದೆ ಉಳಿದವರೂ ಸಾಲಾಗಿ ಹೋದರು. ಒಟ್ಟು 18 ಸೆಕೆಂಡಿಗೆ ಒಂದು ಹಗಲು ಹಿಡಿದಿತ್ತು. ಇಡೀ ಕಾಳಗದಲ್ಲಿ ಕಾಕಾ ಬೀಸಿದ್ದು ಒಂದೇ ಏಟು, ಅದೂ ಮನೆ ಸೊಸೆಯ ಮೇಲೆ. ವೈನಿ ಏನೂ ಅನ್ನಲಿಲ್ಲ. ಚಹಾ ಮಾತ್ರ ಅವರಿಗೆ ಕಡೆಗೆ ಬಂತು.

ಕಾಕಾ ಸಿಟ್ಟು ಇಳಿಸಲು ಹುಡುಗ ಇನ್ನೊಂದು ಆಟದ ಸುದ್ದಿ ತೆಗೆದ. ಪಾತ್‌ಫೈಂಡರ್ ಅಂತ. 2019ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ಈ ತಲೆನೋವು ಕಡಿಮೆ. ಒಂದು ಸರದಿಗೆ ಮೂರು ಆಕ್ಷನ್. ನಡೆದರೆ ಒಂದು, ಕತ್ತಿ ಹಿರಿದರೆ ಒಂದು, ಹೊಡೆದರೆ ಒಂದು.

ಕಾಕಾ ಬಸಿ ಕೆಳಗಿಟ್ಟರು. "ಮೂರರಾಗ ಎರಡೇ ಖರ್ಚ್ ಮಾಡಿದ್ರ?"

"ಉಳಿದದ್ದು ಹೋತು ಮುತ್ಯಾ. ಮುಂದಿನ ಸರದಿಗೆ ಮತ್ತ ಮೂರೇ."

"ಕ್ಯಾರಿ ಫಾರ್ವರ್ಡ್ ಇಲ್ಲ?"

"ಇಲ್ಲ."

"ಮತ್ತ ಇವರಿಗಿ ಲೆಕ್ಕಾ ಕಲಿಸಿದಾಂವ ಯಾವನೋ?" ಎಂದರು ಕಾಕಾ.