ಉದ್ಘಾಟನೆಗೆ ಒದಗದ ತಂತ್ರಜ್ಞಾನ

ಹನುಮಂತನಗರದ ನಮ್ಮ ಮನೆಗೆ ದಿನಪತ್ರಿಕೆ ಹಾಕುವ ಹುಡುಗ ಬೆಳಗಿನ ಐದೂವರೆಗೆ ಬಂದು, ಸೈಕಲ್ಲಿನಿಂದ ಇಳಿಯದೆಯೇ, ಮೂರು ಪತ್ರಿಕೆಗಳನ್ನು ಸುರುಳಿ ಮಾಡಿ ಮೊದಲನೆಯ ಮಹಡಿಗೆ ಎಸೆದು ಹೋಗುತ್ತಾನೆ. ಎರಡು ದಿನಕ್ಕೊಮ್ಮೆ ಅವುಗಳಲ್ಲೊಂದು ತುಳಸಿ ಕುಂಡಕ್ಕೆ ತಗಲುತ್ತದೆ ಎಂಬುದನ್ನು ಬಿಟ್ಟರೆ ಈ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಕಷ್ಟ. ನಾನು ಮೊದಲು ಸಂಪಾದಕೀಯಕ್ಕೆ ಹೋದೆನೋ ಶ್ರದ್ಧಾಂಜಲಿಯ ಪುಟಕ್ಕೆ ಹೋದೆನೋ, ಕ್ರೀಡಾಪುಟದ ಮೇಲೆ ಎಷ್ಟು ಸೆಕೆಂಡು ಕಣ್ಣಾಡಿಸಿದೆನೋ ಎಂದು ಅವನು ಎಂದೂ ವಿಚಾರಿಸಿದ್ದಿಲ್ಲ. ಮೊಬೈಲಿಗೆ ಬಂದ ಆರಂಕಿಯ ಸಂಖ್ಯೆಯನ್ನು ಮಹಡಿಯಿಂದ ಕೂಗಿ ಹೇಳಿದರೆ ಮಾತ್ರ ಎಸೆಯುತ್ತೇನೆ ಎಂದು ಹಟ ಹಿಡಿದದ್ದೂ ಇಲ್ಲ.

ಅಂತರಜಾಲದಲ್ಲಿಯೂ ಇಂಥ ಹುಡುಗನೊಬ್ಬ 1999ರ ಮಾರ್ಚಿನಿಂದ ಇದ್ದಾನೆ. ನೆಟ್‌ಸ್ಕೇಪ್ ಕಂಪನಿಯಲ್ಲಿ ಡ್ಯಾನ್ ಲಿಬ್ಬಿ ಮತ್ತು ಮದರಾಸಿನ ಐಐಟಿಯಲ್ಲಿ ಓದಿದ ಆರ್. ವಿ. ಗುಹಾ ಅವರ ಕೈಯಲ್ಲಿ ಹುಟ್ಟಿದ ಆತನ ಹೆಸರು ಆರ್‌ಎಸ್‌ಎಸ್ ಫೀಡ್. ಜಾಲತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ವಿಳಾಸ, ಸಾರಾಂಶ, ದಿನಾಂಕ ಇಷ್ಟನ್ನು ಒಂದು ಪಠ್ಯ ಕಡತದಲ್ಲಿ ಬರೆದು ಹೊರಜಗುಲಿಯ ಮೇಲೆ ಇಟ್ಟಿರುತ್ತದೆ. ಓದುಗನ ಬಳಿಯಿರುವ ಸಣ್ಣದೊಂದು ತಂತ್ರಾಂಶವು ಆಗಾಗ ಜಗುಲಿಯವರೆಗೆ ಹೋಗಿ, ಹೊಸದು ಕಂಡರೆ ಎತ್ತಿಕೊಂಡು ಬರುತ್ತದೆ. ನೂರು ತಾಣಗಳನ್ನು ಸುತ್ತಿ ಬಂದರೂ ಅದು ಎಲ್ಲಿಯೂ ಓದುಗನ ಹೆಸರು, ಫೋನ್ ನಂಬರು ಬರೆಸುವುದಿಲ್ಲ. ಹೊಸದೇನೂ ಇಲ್ಲದಿದ್ದರೆ, ಸರಿಯಾಗಿ ಹೊಂದಿಸಿದ ಸರ್ವರು '304' ಎಂಬ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಟ್ಟು ಸುಮ್ಮನಾಗುತ್ತದೆ. ನೀನು ಹಿಂದಿನ ಸಲ ಬಂದು ಹೋದ ಮೇಲೆ ಇಲ್ಲಿ ಏನೂ ಬದಲಾಗಿಲ್ಲ ಎಂಬುದು ಅದರ ಅರ್ಥ. ದಿನದ ಇಪ್ಪತ್ತನಾಲ್ಕು ಗಂಟೆಯೂ ಕೆಂಪು ಪಟ್ಟಿಯಲ್ಲಿ 'ಬ್ರೇಕಿಂಗ್' ಓಡುತ್ತಿರುವ ನಾಡಿನಲ್ಲಿ, 'ಹೊಸದೇನೂ ಇಲ್ಲ, ಹೋಗಿ ಬಾ' ಎಂದು ಒಪ್ಪಿಕೊಳ್ಳುವ ಯಂತ್ರಕ್ಕೆ ಬಾಳುವೆಯಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಹೆಸರೂ ಅದಕ್ಕೆ ನೆರವಾಗಲಿಲ್ಲ. ಗಾಂಧಿಬಜಾರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ 'ನಾನು ದಿನಾ ಬೆಳಿಗ್ಗೆ ಆರ್‌ಎಸ್‌ಎಸ್ ನೋಡುತ್ತೇನೆ' ಎಂದರೆ ಎಡಗಡೆಯ ಮೇಜಿನವರು ಕುರ್ಚಿಯನ್ನು ದೂರ ಸರಿಸಿಕೊಳ್ಳುತ್ತಾರೆ, ಬಲಗಡೆಯವರು ಹತ್ತಿರ ಸರಿಸಿ 'ಯಾವ ಶಾಖೆ?' ಎಂದು ಕೇಳುತ್ತಾರೆ. ನಾಗಪುರದಲ್ಲಿ 1925ರಲ್ಲಿ ಹುಟ್ಟಿದ ಸಂಘಕ್ಕೂ ಇದಕ್ಕೂ ಮೂರು ಅಕ್ಷರಗಳ ಹೊರತು ನಂಟಿಲ್ಲ ಎಂದು ಇಬ್ಬರಿಗೂ ವಿವರಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಆ ಮೂರು ಅಕ್ಷರಗಳನ್ನು ಬಿಡಿಸಿ ಹೇಳೋಣವೆಂದರೆ ಅದಕ್ಕೂ ಒಂದು ಉತ್ತರವಿಲ್ಲ. ಮೊದಲು 'ಆರ್‌ಡಿಎಫ್ ಸೈಟ್ ಸಮ್ಮರಿ' ಆಗಿದ್ದದ್ದು ಕೆಲವೇ ತಿಂಗಳುಗಳಲ್ಲಿ 'ರಿಚ್ ಸೈಟ್ ಸಮ್ಮರಿ' ಆಯಿತು. 2002ರಲ್ಲಿ ಡೇವ್ ವೈನರ್ ಹೊರತಂದ 2.0 ಆವೃತ್ತಿಯಲ್ಲಿ 'ರಿಯಲಿ ಸಿಂಪಲ್ ಸಿಂಡಿಕೇಷನ್', ಅಂದರೆ ನಿಜಕ್ಕೂ ಸರಳವಾದ ಹಂಚಿಕೆ ಎಂದಾಯಿತು. ಸೌತ್ ಪರೇಡ್ ಎಂಬುದು ಮಹಾತ್ಮ ಗಾಂಧಿ ರಸ್ತೆಯಾಗಿ ಕಡೆಗೆ ಎಂ.ಜಿ. ರೋಡ್ ಆಗಿ ಉಳಿದದ್ದನ್ನು ಬಲ್ಲ ಬೆಂಗಳೂರಿಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆವೃತ್ತಿಗಳ ಸಂಖ್ಯೆಯೂ ನಮ್ಮ ಬಡಾವಣೆಗಳ ಅಡ್ಡರಸ್ತೆಗಳ ಹಾಗೆಯೇ ಇದೆ: 0.91, 0.92 ದಾಟಿಕೊಂಡು ಹೋದರೆ ಸಿಗುವುದು 2.0, ನಡುವೆ ಇರಬೇಕಾದ 1.0 ಬೇರೆಯವರು ಬೇರೆ ದಿಕ್ಕಿನಿಂದ ತೆಗೆದ ರಸ್ತೆ. ಈ ಎರಡು ಬಣಗಳ ಜಗಳ ಕೇಳಿ ಸಾಕಾದವರು 'ಆಟಮ್' ಎಂಬ ಹೊಸ ಬಡಾವಣೆಯನ್ನೇ ನಿರ್ಮಿಸಿ 2005ರಲ್ಲಿ ಅದಕ್ಕೆ ಮಂಜೂರಾತಿಯನ್ನೂ ಪಡೆದರು.

ಇಷ್ಟಾದರೂ ಅದು ಕೆಲಸ ಮಾಡುತ್ತದೆ. ಐಟಿ ರಾಜಧಾನಿ ಎಂದು ಕರೆಸಿಕೊಳ್ಳುವ ಈ ಊರಿನಲ್ಲಿ ಅದಕ್ಕೆ ಮಾಡಲು ಎಷ್ಟು ಕೆಲಸವಿದೆ ಎಂಬುದನ್ನು ತಿಳಿಯಬೇಕಾದರೆ, ಸಾರ್ವಜನಿಕ ಸೂಚನೆಯೊಂದು ನಾಗರಿಕನನ್ನು ತಲುಪುವ ಬಗೆಯನ್ನು ನೋಡಬೇಕು. ಕಂಪ್ಯೂಟರಿನಲ್ಲಿ ಅಕ್ಷರವಾಗಿಯೇ ಹುಟ್ಟಿದ ಸೂಚನೆಯನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಹಸಿರು ಶಾಯಿಯಲ್ಲಿ ಸಹಿ ಮಾಡಿಸಿ, ದುಂಡನೆಯ ಮೊಹರು ಒತ್ತಿ, ಮೊಬೈಲಿನಲ್ಲಿ ಓರೆಯಾಗಿ ಫೋಟೊ ತೆಗೆದು (ಕೆಳಮೂಲೆಯಲ್ಲಿ ಗುಮಾಸ್ತರ ಹೆಬ್ಬೆರಳು ಕಾಣಿಸಿದರೆ ಅದು ಅಧಿಕೃತವೆಂದು ತಿಳಿಯಬೇಕು) ವಾಟ್ಸ್‌ಆ್ಯಪ್‌ಗೆ ಬಿಡುತ್ತಾರೆ. ಯಾರಾದರೂ ಪುಣ್ಯಾತ್ಮರು ಪಿಡಿಎಫ್ ಆಗಿಯೇ ಹಾಕಿದರೂ ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದರೆ, ನಕಲು ಮಾಡಿ ಬೇರೆಡೆ ಅಂಟಿಸಿದ ಕ್ಷಣವೇ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗುತ್ತದೆ. ಆ ಫೋಟೊ ಬಡಾವಣೆಯ ಗುಂಪಿಗೆ ಬಂದು, ಅಲ್ಲಿಂದ ಯೋಗ ತರಗತಿಯ ಗುಂಪಿಗೆ ಹೋಗಿ, ಸೋದರಮಾವನ ಕೃಪೆಯಿಂದ ಕುಟುಂಬದ ಗುಂಪಿನ ಮೂಲಕ ನನ್ನನ್ನು ಮುಟ್ಟುವ ಹೊತ್ತಿಗೆ ನಾಲ್ಕು ಸಲ ಬಂದಿರುತ್ತದೆ. 'ನಾಳೆ ಬೆಳಿಗ್ಗೆ ಹತ್ತರಿಂದ ವಿದ್ಯುತ್ ವ್ಯತ್ಯಯ' ಎಂದು ಅದರಲ್ಲಿ ಬರೆದಿರುತ್ತದೆ. ದಿನಾಂಕವಿದ್ದ ಮೇಲ್ಭಾಗವು ಫೋಟೊದಲ್ಲಿ ಕತ್ತರಿಸಿ ಹೋಗಿರುವುದರಿಂದ ಅದು ಯಾವ ತಿಂಗಳ ನಾಳೆ ಎಂದು ತಿಳಿಯುವ ಒಂದೇ ದಾರಿಯೆಂದರೆ ಹತ್ತು ಗಂಟೆಗೆ ಮಿಕ್ಸಿ ಹಾಕಿ ನೋಡುವುದು. ಫೀಡಿನಲ್ಲಾದರೆ ಪ್ರತಿಯೊಂದು ಸೂಚನೆಗೂ ಪ್ರಕಟಣೆಯ ದಿನಾಂಕವನ್ನೂ ಬೇರೊಂದಕ್ಕೆ ಇಲ್ಲದ ಗುರುತಿನ ಸಂಖ್ಯೆಯನ್ನೂ ಕೊಡಬಹುದು. ಒಮ್ಮೆ ಓದಿದ್ದನ್ನು ತಂತ್ರಾಂಶವು ಮತ್ತೆ ಮುಂದೆ ತಂದಿಡುವುದಿಲ್ಲ. ಸೋದರಮಾವನಿಗೆ ಈ ಸೌಲಭ್ಯವಿಲ್ಲ.

ಇಂಥ ಸೂಚನೆಗಳನ್ನು ಹೊರಡಿಸುವ ಕಚೇರಿಯೊಂದಕ್ಕೆ ನಾನೇ ಹೋಗಿ ಸಲಹೆ ಕೊಟ್ಟೆ. ಅಧಿಕಾರಿಗಳು ಸಜ್ಜನರು; ಕೂರಿಸಿ, ಟೀ ತರಿಸಿ, ಪೂರ್ತಿ ಕೇಳಿದರು.

"ಒಳ್ಳೆಯ ಯೋಜನೆ. ಅಂದಾಜು ವೆಚ್ಚ ಎಷ್ಟಾಗಬಹುದು?"

"ಏನೂ ಆಗುವುದಿಲ್ಲ ಸರ್. ನಿಮ್ಮ ಜಾಲತಾಣವೇ ಆ ಕಡತವನ್ನು ತಾನಾಗಿ ಬರೆದುಕೊಳ್ಳುತ್ತದೆ."

ಅವರ ಮುಖದಲ್ಲಿದ್ದ ಉತ್ಸಾಹ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ವೆಚ್ಚವಿಲ್ಲದಿದ್ದರೆ ಟೆಂಡರು ಕರೆಯುವುದು ಹೇಗೆ, ಟೆಂಡರಿಲ್ಲದಿದ್ದರೆ ಗುತ್ತಿಗೆದಾರರು ಎಲ್ಲಿಂದ ಬರಬೇಕು, ಗುತ್ತಿಗೆದಾರರೇ ಇಲ್ಲದ ಮೇಲೆ ವೇದಿಕೆ, ಶಾಮಿಯಾನ, ಮೈಸೂರು ಪೇಟ, ಏಲಕ್ಕಿ ಹಾರಗಳನ್ನು ಯಾರ ಲೆಕ್ಕಕ್ಕೆ ಬರೆಯುವುದು? ಎಲ್ಲಕ್ಕಿಂತ ಮಿಗಿಲಾಗಿ, ಒಂದು ಪಠ್ಯ ಕಡತವನ್ನು ಉದ್ಘಾಟಿಸುವುದು ಹೇಗೆ? ಆ್ಯಪ್ ಆದರೆ ಪರದೆಯ ಮೇಲೆ ದೊಡ್ಡದೊಂದು ಗುಂಡಿ ಬರೆದು ಸಚಿವರ ಬೆರಳಿನಿಂದ ಒತ್ತಿಸಬಹುದು, ಬಣ್ಣದ ಕಾಗದದ ಚೂರುಗಳು ಉದುರುತ್ತವೆ. ಫೀಡನ್ನು ಪರದೆಯ ಮೇಲೆ ತೆರೆದು ತೋರಿಸಿದರೆ ಕೋನಾಕಾರದ ಆವರಣಗಳೊಳಗೆ ಸಿಕ್ಕಿಕೊಂಡ ಅಕ್ಷರಗಳು ಕಾಣುತ್ತವೆ, ಏನೋ ಕೆಟ್ಟುಹೋಗಿದೆಯೆಂದು ಗಣ್ಯರು ಗಾಬರಿಯಾಗುತ್ತಾರೆ.

ಸೋಲೊಪ್ಪದೆ ನಾನು 2.0 ಆವೃತ್ತಿಯ ಇನ್ನೊಂದು ಗುಣವನ್ನು ವರ್ಣಿಸಿದೆ. ಯಾವ ಗಂಟೆಗಳಲ್ಲಿ, ವಾರದ ಯಾವ ದಿನಗಳಲ್ಲಿ ತನ್ನನ್ನು ಬಂದು ವಿಚಾರಿಸುವ ಅಗತ್ಯವಿಲ್ಲ ಎಂದು ಫೀಡು ಮೊದಲೇ ತಿಳಿಸಬಹುದು, ಕಚೇರಿಗೆ ರಜೆಯಿದ್ದ ದಿನ ತಂತ್ರಾಂಶಗಳು ಸುಮ್ಮನೆ ಬಂದು ಬಾಗಿಲು ತಟ್ಟುವುದಿಲ್ಲ ಎಂದೆ. ಅಧಿಕಾರಿಗಳು ಕುರ್ಚಿಯಲ್ಲಿ ಮುಂದಕ್ಕೆ ಬಂದರು.

"ಎರಡನೆಯ ಶನಿವಾರ, ನಾಲ್ಕನೆಯ ಶನಿವಾರ ಎಂದು ಹೇಳಬಹುದೆ?"

ಅದನ್ನು ಮಾತ್ರ ಹೇಳಲು ಬರುವುದಿಲ್ಲ. ವಾರದ ಹೆಸರು ಹೇಳಿದರೆ ಎಲ್ಲ ಶನಿವಾರಗಳೂ ಹೋಗುತ್ತವೆ. ನಾನು ತಲೆ ತಗ್ಗಿಸಿದೆ. ಎರಡನೆಯ ಶನಿವಾರವನ್ನೇ ಅರಿಯದ ತಂತ್ರಜ್ಞಾನವು ಸರ್ಕಾರಕ್ಕೆ ಹೊಂದುವುದು ಹೇಗೆ ಎಂಬ ಅವರ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಕೆಲವು ತಿಂಗಳ ಬಳಿಕ ಆ್ಯಪ್ ಬಂದಿತು. ಅದು ನನ್ನ ಸಂಪರ್ಕಗಳ ಪಟ್ಟಿ, ನಾನಿರುವ ಸ್ಥಳ, ಕ್ಯಾಮೆರಾ, ಮೈಕ್ ಇಷ್ಟಕ್ಕೂ ಅನುಮತಿ ಕೇಳಿತು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ವಿಚಾರಿಸುವುದಿಲ್ಲ. ಅನುಮತಿ ಕೊಟ್ಟ ಮೇಲೆ ಅದು ಯುಗಾದಿಯಿಂದ ಹಿಡಿದು ಎಲ್ಲ ಹಬ್ಬಗಳಿಗೂ ಗಣ್ಯರ ಭಾವಚಿತ್ರಸಹಿತ ಶುಭಾಶಯಗಳನ್ನು ಗಂಟೆ ಬಾರಿಸಿ ತಲುಪಿಸುತ್ತಿದೆ. ದೇವಸ್ಥಾನದಲ್ಲಾದರೆ ತಾನು ಬಂದಿದ್ದೇನೆಂದು ತಿಳಿಸಲು ಭಕ್ತನು ಗಂಟೆ ಬಾರಿಸುತ್ತಾನೆ. ಇಲ್ಲಿ ದೇವರೇ ಭಕ್ತನ ಜೇಬಿನಲ್ಲಿ ಕುಳಿತು ಹೊತ್ತುಹೊತ್ತಿಗೆ ಬಾರಿಸುತ್ತಾನೆ. ಕರೆಂಟು ಹೋಗುವ ಸುದ್ದಿ ಎಂದಿನಂತೆ ಸೋದರಮಾವನಿಂದಲೇ ಬರುತ್ತಿದೆ.

ಸರ್ಕಾರವನ್ನು ದೂರುವುದು ಸುಲಭ. ಬರೆದು ಬದುಕುವವರ ಪಾಡು ಇದಕ್ಕಿಂತ ವಿಚಿತ್ರವಾಗಿದೆ. ಹಿಂದೆ ಬರಹವನ್ನು ಪ್ರಕಟಿಸಿದರೆ ಪ್ರಚಾರವೂ ಮುಗಿದಂತೆ, ಬೇಕಾದವರ ಬಳಿಗೆ ಫೀಡು ತಾನಾಗಿ ಒಯ್ಯುತ್ತಿತ್ತು. ಈಗ ನನ್ನ ಕವಿಮಿತ್ರರೊಬ್ಬರು ಹದಿನಾಲ್ಕು ಸಾಲಿನ ಕವಿತೆ ಬರೆದ ದಿನ ಅದರ ಚಿತ್ರವನ್ನು ಒಂದು ಕಡೆ, ವಾಚನವನ್ನು ಇನ್ನೊಂದು ಕಡೆ, ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಗಾಳಿಗೆ ಕೂದಲು ಹಾರಿಸುತ್ತಿರುವ ಮೂವತ್ತು ಸೆಕೆಂಡಿನ ರೀಲನ್ನು ಮತ್ತೊಂದು ಕಡೆ ಹಾಕಿ, ಎಲ್ಲದರ ಅಡಿಯಲ್ಲೂ 'ಲಿಂಕ್ ಮೊದಲ ಕಾಮೆಂಟಿನಲ್ಲಿದೆ' ಎಂದು ಬರೆಯುತ್ತಾರೆ. ಕೊಂಡಿಯನ್ನು ಬರಹದಲ್ಲಿಯೇ ಕೊಟ್ಟರೆ ಜಾಲತಾಣದ ಯಜಮಾನನಿಗೆ ಸಿಟ್ಟು ಬರುತ್ತದೆಯಂತೆ. ಸ್ವಂತ ಕವಿತೆಯ ವಿಳಾಸವನ್ನು ಕದ್ದ ಮಾಲಿನಂತೆ ಹಿಂಬಾಗಿಲಿನಿಂದ ದಾಟಿಸುವ ಈ ಕೆಲಸಕ್ಕೆ ಅವರ ಮಗ 'ರೀಚ್' ಎಂಬ ಹೆಸರಿಟ್ಟಿದ್ದಾನೆ. ಕವಿತೆಗೆ ಅರ್ಧ ಗಂಟೆ ಹಿಡಿಯಿತು, ರೀಚಿಗೆ ಎರಡು ದಿನ.

ಕಡೆಗೆ ನಾನು ತಪ್ಪದೆ ಓದುವ ಸುದ್ದಿತಾಣವೊಂದರ ವಿಷಯ. ಬಹಳ ವರ್ಷ ಅದರ ಅಡಿಯಲ್ಲಿ ಒಂದು ಚುಕ್ಕಿ, ಅದರ ಮೇಲೆ ಎರಡು ಬಾಗಿದ ಗೆರೆಗಳಿರುವ ಕಿತ್ತಳೆ ಬಣ್ಣದ ಫೀಡಿನ ಚಿಹ್ನೆ ಇತ್ತು. ಮೊದಲು ಅವರು ಫೀಡಿನಲ್ಲಿ ಬರುತ್ತಿದ್ದ ಪೂರ್ಣ ಲೇಖನವನ್ನು ಹದಿನೈದು ಪದಗಳಿಗೆ ಇಳಿಸಿದರು, ದರ್ಶಿನಿಯ ಹೊರಗೆ ನಿಂತವನಿಗೆ ಬಿಸಿಬೇಳೆಬಾತಿನ ವಾಸನೆಯನ್ನಷ್ಟೇ ಕೊಡುವ ಹಾಗೆ. ಅನಂತರ ಒಂದು ದಿನ ಚಿಹ್ನೆಯೇ ಮಾಯವಾಗಿ, ಆ ಜಾಗದಲ್ಲಿ ಗಂಟೆಯ ಚಿತ್ರವೊಂದು ಬಂದು ಅಲುಗಾಡತೊಡಗಿತು. ನಾನು ಅವರ ಕಚೇರಿಗೇ ಹೋದೆ. ಓದುಗರನ್ನು ಬೆಳೆಸುವ ಹೊಣೆ ಹೊತ್ತ ತರುಣರೊಬ್ಬರು ಗಾಜಿನ ಕೋಣೆಯೊಳಗೆ ಕರೆದೊಯ್ದರು. ಬೆಳೆಸುವುದೆಂದರೆ ನೀರು ಗೊಬ್ಬರ ಹಾಕುವುದೆಂದು ನಾನು ತಿಳಿದಿದ್ದೆ. ಅವರ ಗೋಡೆಯ ಮೇಲಿದ್ದ ಪರದೆಯನ್ನು ನೋಡಿದ ಮೇಲೆ, ತೂಗಿ ನೋಡುವುದೆಂದು ಅರ್ಥವಾಯಿತು. ಈ ಕ್ಷಣ ಎಷ್ಟು ಜನ ಓದುತ್ತಿದ್ದಾರೆ, ಎಷ್ಟನೆಯ ಸಾಲಿನಲ್ಲಿ ಬೇಸತ್ತು ಹೊರಟರು, ಅವರು ಯಾವ ಊರಿನವರು, ಯಾವ ಫೋನಿನವರು ಎಂದು ಅಂಕಿಗಳು ಕುಣಿಯುತ್ತಿದ್ದವು.

"ಆರ್‌ಎಸ್‌ಎಸ್ ಸತ್ತು ಎಷ್ಟು ಕಾಲವಾಯಿತು ಸರ್! ಫೀಡುಗಳನ್ನು ಓದಿಸುತ್ತಿದ್ದ ಗೂಗಲ್ ರೀಡರನ್ನು 2013ರ ಜುಲೈ 1ಕ್ಕೇ ಮುಚ್ಚಿದರಲ್ಲ. ಬಳಸುವವರು ಕಡಿಮೆಯಾಗಿದ್ದಾರೆ ಎಂದು ಅವರೇ ಹೇಳಿದರು. ಫೈರ್‌ಫಾಕ್ಸ್‌ನವರೂ 2018ರಲ್ಲಿ ತಮ್ಮ ಬ್ರೌಸರಿನಿಂದ ತೆಗೆದುಬಿಟ್ಟರು."

ತಿಥಿ, ವಾರ, ನಕ್ಷತ್ರ ಎಲ್ಲವೂ ಸರಿಯಾಗಿತ್ತು. ಓದುವ ಅಂಗಡಿಯೊಂದು ಮುಚ್ಚಿತೆಂದರೆ ಓದಿನ ಸಾಮಗ್ರಿಯೇ ಸತ್ತಿತೆಂದು ಅರ್ಥವಲ್ಲ, ಇನ್ನೂ ಬೇಕಾದಷ್ಟು ಅಂಗಡಿಗಳಿವೆ ಎಂದು ನಾನು ವಾದಿಸಬಹುದಿತ್ತು. ಅಷ್ಟರಲ್ಲಿ ಅವರೇ ನಿಜವಾದ ತೊಂದರೆಯನ್ನು ಹೇಳಿದರು: "ಫೀಡಿನಲ್ಲಿ ಓದುವವರು ಯಾರು ಎಂದೇ ನಮಗೆ ಗೊತ್ತಾಗುವುದಿಲ್ಲ ಸರ್. ನೀವು ಓದಿದ್ದೀರಿ ಎನ್ನುತ್ತೀರಿ. ನಮ್ಮ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ."

ಹತ್ತು ವರ್ಷ ತಪ್ಪದೆ ಓದಿದವನಿಗೆ ತಾನು ಇರಲೇ ಇಲ್ಲವೆಂದು ತಿಳಿದಾಗ ಆಗುವ ವೈರಾಗ್ಯವೇ ಬೇರೆ. ನನ್ನ ಮುಖ ನೋಡಿ ಮರುಗಿದ ತರುಣರು ಮಾತು ಬದಲಿಸಿ, ತಾವು ಹೊಸದಾಗಿ ಪಾಡ್‌ಕಾಸ್ಟ್ ಆರಂಭಿಸಿರುವುದಾಗಿಯೂ ಅದೇ ಮಾಧ್ಯಮದ ಭವಿಷ್ಯವೆಂದೂ ತಿಳಿಸಿದರು. ಮೊದಲ ಸಂಚಿಕೆಯ ವಿಷಯ 'ಕಣ್ಮರೆಯಾದ ತಂತ್ರಜ್ಞಾನಗಳು'. ಪೇಜರ್, ಫ್ಲಾಪಿಗಳ ಜೊತೆಗೆ ಆರ್‌ಎಸ್‌ಎಸ್‌ಗೂ ಅದರಲ್ಲಿ ಎರಡು ನಿಮಿಷ ಸಂತಾಪವಿದೆಯಂತೆ.

"ಈ ಸಂಚಿಕೆ ಇಷ್ಟೊಂದು ಆ್ಯಪುಗಳಿಗೆ ಏಕಕಾಲದಲ್ಲಿ ಹೋಗುವುದು ಹೇಗೆ? ಒಂದೊಂದಕ್ಕೂ ನೀವೇ ಹಾಕುತ್ತೀರಾ?"

"ಅಯ್ಯೋ, ಇಲ್ಲ ಸರ್. ಒಂದು ಲಿಂಕ್ ಇದೆ. ಮೊದಲು ಒಂದು ಸಲ ಅದನ್ನು ಎಲ್ಲರಿಗೂ ಕೊಟ್ಟರೆ ಆಯಿತು, ಆಮೇಲೆ ಅವರವರೇ ಬಂದು ತೆಗೆದುಕೊಂಡು ಹೋಗುತ್ತಾರೆ."

ಲಿಂಕನ್ನು ತೋರಿಸಿದರು. ಆರ್‌ಎಸ್‌ಎಸ್ ಫೀಡು. 2000ದ ಡಿಸೆಂಬರಿನಲ್ಲಿ 0.92 ಆವೃತ್ತಿಗೆ ಧ್ವನಿಕಡತವನ್ನು ಲಗತ್ತಿಸುವ ಅವಕಾಶ ಸೇರಿದಂದಿನಿಂದ ಈ ಹಾದಿ ತೆರೆದಿದೆ. ಇಂದಿಗೂ ಪಾಡ್‌ಕಾಸ್ಟುಗಳು ಈ ಜಗುಲಿಯಿಂದಲೇ ಹೊರಡುತ್ತವೆ. ಸತ್ತವನ ತಿಥಿಯೂಟವನ್ನು ಸತ್ತವನೇ ಮನೆಮನೆಗೆ ಹೊತ್ತು ಹಾಕಿ ಬರುತ್ತಿದ್ದ. ಹೇಳಲು ನಾನು ಬಾಯಿ ತೆರೆದೆ. ತರುಣರ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿ ಮುಚ್ಚಿಕೊಂಡೆ.

ಆ ರಾತ್ರಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಒಂದು ಯೋಚನೆ ಬಂದಿತು. ಅವರ ತಾಣವು ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿದೆ ಎಂದು ಮಾತಿನ ನಡುವೆ ಅವರೇ ಹೇಳಿದ್ದರು. ವರ್ಡ್‌ಪ್ರೆಸ್ ತಾಣದಲ್ಲಿ ಯಾರೂ ಕೇಳದಿದ್ದರೂ, ಯಾರೂ ನೋಡದಿದ್ದರೂ ಫೀಡು ತಾನಾಗಿಯೇ ಹುಟ್ಟಿಕೊಳ್ಳುತ್ತದೆ; ಬೇಡವಾದವರು ಹುಡುಕಿಕೊಂಡು ಹೋಗಿ ನಿಲ್ಲಿಸಬೇಕು. ತಾಣದ ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು 'ಫೀಡ್' ಎಂದು ಇಂಗ್ಲಿಷಿನಲ್ಲಿ ಸೇರಿಸಿ ನೋಡಿದೆ. ಇದೆ! ಚಿಹ್ನೆಯನ್ನು ಕಿತ್ತವರು ಬಾಗಿಲನ್ನು ಹಾಕುವುದನ್ನು ಮರೆತಿದ್ದಾರೆ. ತಾಣವನ್ನು ಹೊಸದಾಗಿ ಕಟ್ಟಿದಾಗ ಹದಿನೈದು ಪದಗಳ ಮಿತಿಯೂ ಯಾರ ಗಮನಕ್ಕೂ ಬಾರದೆ ಬಿದ್ದುಹೋಗಿ, ಲೇಖನಗಳು ಪೂರ್ತಿಯಾಗಿ ಬರುತ್ತಿವೆ.

ಬೆಳಿಗ್ಗೆ ಎದ್ದು ತರುಣರಿಗೆ ಧನ್ಯವಾದದ ಮಿಂಚಂಚೆ ಬರೆದೆ, ಎರಡು ಸಲ ಓದಿದೆ, ಅಳಿಸಿದೆ. ತಾಣದ ಹೆಸರನ್ನು ಇಲ್ಲಿಯೂ ಹೇಳುವುದಿಲ್ಲ. ಐದೂವರೆಗೆ ಪತ್ರಿಕೆ ಬಂದು ಬಾಲ್ಕನಿಗೆ ಬಿದ್ದಿತು, ಆರಕ್ಕೆ ಅವರ ಫೀಡಿನಿಂದ ಎರಡು ಲೇಖನ ಬಂದವು. ಏಳಕ್ಕೆ ಮತ್ತೊಮ್ಮೆ ವಿಚಾರಿಸಿದರೆ ಆ ಕಡೆಯಿಂದ 304.